ಮಾಷ್ಟ್ರ ಜಾಗ, ಅತ್ತೆಯ ಹರಕೆ

ಬೆಳ್ತಂಗಡಿಯ ಗುಡ್ಡದ ಬದಿಯಲ್ಲಿ ಹುಟ್ಟಿ ಬೆಳೆದ ನನಗೆ ಮದುವೆಯಾದ ಮೇಲೆ ಸಿಕ್ಕಿದ್ದು ಮೂಡಬಿದಿರೆಯ ಬಡಾವಣೆಯೊಂದರಲ್ಲಿ ಆರು ಸೆಂಟ್ಸ್ ಜಾಗ. ಅದರಲ್ಲಿ ಮನೆ, ನನ್ನ ಗಂಡ ಶೋಧನ್ ಅವರ ಕಾರು, ಬಟ್ಟೆ ಒಣಗಿಸುವ ಹಗ್ಗ ಇಷ್ಟು ಕಳೆದರೆ ಉಳಿಯುವುದು ಒಂದು ಬಸಳೆ ಚಪ್ಪರಕ್ಕೆ ಸಾಕು. ಸಾಲದ್ದಕ್ಕೆ ಐದು ಹೇಂಟೆ, ಒಂದು ಕೆಂಪು ಹುಂಜ. ನಾನು ಬೀಜ ಹಾಕುವುದು, ಅವು ಕೆದಕುವುದು, ನಾನು ಬೈಯುವುದು. ಬೆಳಗಾಯಿತೆಂದು ಅಕ್ಕಪಕ್ಕದವರಿಗೆ ಗೊತ್ತಾಗುತ್ತಿದ್ದದ್ದೇ ನನ್ನ ಬೈಗುಳದಿಂದ.

ಹಿತ್ತಿಲಿನ ಬೇಲಿಯಾಚೆ ಜಿನರಾಜ ಮಾಷ್ಟ್ರ ಎಂಟು ಸೆಂಟ್ಸ್ ಪೊದೆ ಬೆಳೆದು ಹಾಳುಬಿದ್ದಿತ್ತು. ಮಾಷ್ಟ್ರು ಶಾಲೆಯಿಂದ ನಿವೃತ್ತರಾಗಿ, ತಂಗಿಯ ಜೊತೆ ಆಚೆ ರಸ್ತೆಯಲ್ಲಿದ್ದರು. ಆ ಮಣ್ಣು ಕಂಡಾಗಲೆಲ್ಲ ನನ್ನ ಕೈ ತುರಿಸುತ್ತಿತ್ತು. ಒಂದು ದಿನ ನಾಚಿಕೆ ಬಿಟ್ಟು ಕೇಳಿಯೇ ಬಿಟ್ಟೆ.

“ಮಾಡಿ ಕಾಂತಿಯಕ್ಕ, ಖಾಲಿ ಬಿದ್ದು ಏನು ಪ್ರಯೋಜನ?” ಎಂದರು ಮಾಷ್ಟ್ರು. “ಒಂದೇ ಮಾತು. ನಾವು ಜೈನರು, ನಿಮಗೆ ಗೊತ್ತುಂಟಲ್ಲ. ಕೋಳಿ ಮೇಯಲಿಕ್ಕೆ ಬಿಡಿ, ಮೊಟ್ಟೆ ತೆಗೆಯಿರಿ, ಅದು ನಿಮಗೆ ಬಿಟ್ಟದ್ದು. ಆದರೆ ನನ್ನ ಜಾಗದಲ್ಲಿ ಮೇದ ಕೋಳಿ ಕತ್ತಿಗೆ ಹೋಗಬಾರದು.”

ಒಪ್ಪಿದೆ. ನಮ್ಮ ಮನೆಯಲ್ಲಿ ಕೋಳಿ ತಿನ್ನದವರು ಯಾರೂ ಇಲ್ಲ. ಆದರೆ ರೊಟ್ಟಿಗೆ ಸಾರು ಬೇಕೆಂದರೆ ಪೇಟೆಯಲ್ಲಿ ಬ್ರಾಯ್ಲರ್ ಇಲ್ಲವೇ?

ಪೊದೆ ಕಡಿದವಳು ನಾನು, ಮಿಕ್ಕ ಕೆಲಸ ಕೋಳಿಗಳದ್ದು. ಬಲೆ ಕಟ್ಟಿ ಒಂದೊಂದೇ ತುಂಡಿಗೆ ಅವುಗಳನ್ನು ಬಿಟ್ಟೆ. ಹುಲ್ಲಿನ ಬೇರು, ಗೆದ್ದಲು, ಹುಳ ಎಲ್ಲ ಕೆದಕಿ ತಿಂದು, ಗೊಬ್ಬರವನ್ನೂ ಅವೇ ಹಾಕಿಕೊಟ್ಟವು. ಒಂದು ತುಂಡು ಹದವಾದ ಮೇಲೆ ಬಲೆ ಮುಂದಕ್ಕೆ ಸರಿಸುವುದು, ಹಿಂದಿನಿಂದ ನಾನು ಸಾಲು ಮಾಡುವುದು. ಅಲಸಂಡೆ, ಹರಿವೆ, ಬೆಂಡೆ, ಮುಳ್ಳುಸೌತೆ ಎದ್ದು ನಿಂತವು. ಮಾಷ್ಟ್ರು ದಿನಾ ಬೆಳಗ್ಗೆ ಬಂದು ನೋಡಿ, ಜೇಬಿನಿಂದ ಒಂದು ಹಿಡಿ ಅಕ್ಕಿ ತೆಗೆದು ಕೆಂಪು ಹುಂಜಕ್ಕೆ ಹಾಕುತ್ತಿದ್ದರು. ಕೋಳಿಗಳು ಹುಳ ಹೆಕ್ಕುವಾಗ ಮಾತ್ರ ಬೇರೆ ಕಡೆ ನೋಡುತ್ತಿದ್ದರು.

ಎಲ್ಲ ಚಂದವಾಗಿ ನಡೆಯುತ್ತಿರುವಾಗ ಮಗಳು ಸಾತ್ವಿಕಾಳಿಗೆ ಡೆಂಗಿ ಬಂತು. ನಾವು ಆಸ್ಪತ್ರೆಯಲ್ಲಿದ್ದಾಗ ಮನೆಯಲ್ಲಿ ಅತ್ತೆ ತಮ್ಮ ತವರಿನ ದೈವವನ್ನು ನೆನೆದು ಕೆಂಪು ಹುಂಜವನ್ನು ಹರಕೆ ಹೇಳಿಬಿಟ್ಟರು. ಮಗಳು ಗುಣವಾಗಿ ಬಂದಳು. ಹರಕೆ ನಮ್ಮ ತಲೆಯ ಮೇಲೆ ಕೂತಿತು.

“ಬೇರೆ ಹುಂಜ ತರುವ ಅತ್ತೆ” ಎಂದೆ.

“ಇದನ್ನೇ ತೋರಿಸಿ ಹೇಳಿದ್ದು ಮಾರಾಯ್ತಿ. ದೈವದ ಹತ್ತಿರ ಬದಲಿ ಮಾಡ್ಲಿಕ್ಕೆ ಆಗ್ತದಾ? ಈ ಸಲದ ತಂಬಿಲಕ್ಕೆ ಒಪ್ಪಿಸುವ.”

ತಂಬಿಲ ಎಂದರೆ ವರ್ಷಕ್ಕೊಮ್ಮೆ ದೈವಕ್ಕೆ ಸಲ್ಲಿಸುವ ಸೇವೆ. ಅತ್ತೆಯ ತವರಿನ ತಂಬಿಲಕ್ಕೆ ನಾನು ಒಮ್ಮೆಯೂ ಹೋದವಳಲ್ಲ. ನನ್ನ ತವರಿನಲ್ಲಿ ಆ ದಿನ ಹುಂಜದ ಕೊರಳು ಉಳಿಯುವುದಿಲ್ಲ. ನನಗೆ ಊಟ ಸೇರದಾಯಿತು. ಹರಕೆ ತಪ್ಪಿಸಿದರೆ ಮಗಳಿಗೆ ಏನಾಗುತ್ತದೋ ಎಂಬ ಭಯ. ಒಪ್ಪಿಸಿದರೆ ತೋಟ ಹೋಯಿತು, ಮಾಷ್ಟ್ರ ಎದುರು ನಾನು ಮಾತಿಗೆ ತಪ್ಪಿದವಳು. “ಮಾಷ್ಟ್ರಿಗೆ ಹೇಳಿಬಿಡು” ಎಂದರು ಶೋಧನ್, ಪೇಪರಿನಿಂದ ತಲೆ ಎತ್ತದೆ. ಹೇಳಬೇಕಾದ ಬಾಯಿ ಅವರದ್ದಲ್ಲವಲ್ಲ!

ತಂಬಿಲದ ಭಾನುವಾರ, ಮಾಷ್ಟ್ರು ಬರುವ ಮೊದಲೇ ಹೊರಡಬೇಕೆಂದು ಹುಂಜವನ್ನು ಹಿಡಿದು ಬಟ್ಟೆಯ ಚೀಲಕ್ಕೆ ಹಾಕಿದೆ, ತಲೆ ಮಾತ್ರ ಹೊರಗೆ. ಅದು ಸುಮ್ಮನಿದ್ದೀತೇ? ಇಡೀ ಬಡಾವಣೆಗೆ ಕೇಳುವ ಹಾಗೆ ಕೂಗಿತು. ನಾನು ಕಾರಿನ ಹಾಡು ಜೋರು ಮಾಡಿದೆ. ದಾರಿಯುದ್ದಕ್ಕೂ ಅದು ಮಡಿಲಲ್ಲಿ ಕೂತು ನನ್ನನ್ನೇ ನೋಡುತ್ತಿತ್ತು. ನಾನು ಕಿಟಕಿಯ ಹೊರಗೆ ನೋಡಿದೆ.

ದೈವಸ್ಥಾನದ ಅಂಗಳದಲ್ಲಿ ಹರಕೆಯವರನ್ನು ಒಬ್ಬೊಬ್ಬರಾಗಿ ಕರೆಯುತ್ತಿದ್ದರು. ತಲೆಮಾರುಗಳಿಂದ ಆ ದೈವವನ್ನು ನಡೆಸಿಕೊಂಡು ಬಂದ ಗುತ್ತಿನ ಮನೆಯ ಯಜಮಾನರು ಬಿಳಿ ಮುಂಡಾಸು ಕಟ್ಟಿಕೊಂಡು ಎದುರು ನಿಂತಿದ್ದರು. ನಮ್ಮ ಸರದಿ ಬಂತು. ತಲೆ ಎತ್ತಿ ನೋಡಿದರೆ ಮುಂಡಾಸಿನ ಕೆಳಗೆ ಜಿನರಾಜ ಮಾಷ್ಟ್ರು!

ನಾನು ಚೀಲವನ್ನು ಬೆನ್ನ ಹಿಂದೆ ಸರಿಸಲು ನೋಡಿದೆ. ಅತ್ತೆ ಬಾಯಿ ತೆರೆದು ನಿಂತರು. ಹುಂಜ ಮಾತ್ರ ಗುರುತು ಹಿಡಿದು, ಅಕ್ಕಿ ಸಿಗುತ್ತದೆಂದು ಕುತ್ತಿಗೆ ಉದ್ದ ಮಾಡಿತು.

“ಇದು ನಮ್ಮ ಕೆಂಪು ಅಲ್ವಾ?” ಎಂದರು ಮಾಷ್ಟ್ರು.

“ತಪ್ಪಾಯ್ತು ಮಾಷ್ಟ್ರೇ.” ಅಷ್ಟು ಜನರ ಎದುರು ನನಗೆ ಅಳು ಬಂತು. “ಮಗಳಿಗೆ ಹುಷಾರಿಲ್ಲದಾಗ ಹೇಳಿದ ಹರಕೆ. ನಿಮಗೆ ಹೇಳ್ಲಿಕ್ಕೆ ಧೈರ್ಯ ಬರ್ಲಿಲ್ಲ. ನಾಳೆಯೇ ಬಲೆ ತೆಗೀತೇನೆ, ನಿಮ್ಮ ಜಾಗ ಬಿಟ್ಟುಕೊಡ್ತೇನೆ.”

“ಬಲೆ ಯಾಕೆ ತೆಗೆಯುವುದು?”

“ನಿಮ್ಮ ಜಾಗದಲ್ಲಿ ಮೇದದ್ದು ಕತ್ತಿಗೆ ಹೋಗ್ತದಲ್ಲ.”

“ಯಾವ ಕತ್ತಿ?” ಮಾಷ್ಟ್ರು ಸುತ್ತ ನೋಡಿದರು. “ಇದು ಜೈನರ ಗುತ್ತು ಕಾಂತಿಯಕ್ಕ. ಸೋದರಮಾವ ತೀರಿಹೋದ ಮೇಲೆ ಈ ವರ್ಷ ಮುಂಡಾಸು ನನ್ನ ತಲೆಗೆ ಬಂತು. ನಮ್ಮ ಹಿರಿಯರ ಕಾಲದಿಂದ ಇಲ್ಲಿ ರಕ್ತ ಇಲ್ಲ. ದೈವಕ್ಕೆ ತೆಂಗಿನಕಾಯಿ. ಹುಂಜದ ತಲೆಗೆ ನೀರು ಹಾಕಿ ಅಂಗಳಕ್ಕೆ ಬಿಡುವುದು, ಅಷ್ಟೇ. ಅಗೋ, ಅಲ್ಲಿ ನೋಡಿ.”

ನೋಡಿದೆ. ಹಲಸಿನ ಮರದ ಬುಡದಲ್ಲಿ ಹಳೆಯ ಹರಕೆಯ ಹುಂಜಗಳು ಒಂದನ್ನೊಂದು ಗುರಾಯಿಸುತ್ತ, ದೊಡ್ಡ ಜನರ ಹಾಗೆ ತಿರುಗಾಡುತ್ತಿದ್ದವು.

ಅತ್ತೆಯ ಕಡೆ ತಿರುಗಿದೆ. “ನಿಮಗೆ ಗೊತ್ತಿತ್ತಾ?”

“ನನ್ನ ತವರಿನ ಕ್ರಮ ನನಗೆ ಗೊತ್ತಿಲ್ಲದೆ ಇರ್ತದಾ? ನಿನಗೂ ಗೊತ್ತುಂಟು ಅಂತ ಎಣಿಸಿದ್ದೆ. ನೀನು ಊಟ ಬಿಟ್ಟದ್ದು ಇದಕ್ಕಾ? ಬೆಂಡೆಗೆ ರೋಗ ಬಂದದ್ದಕ್ಕೆ ಅಂತ ನಾನು!”

ಅಷ್ಟು ದಿನ ಎದೆಯ ಮೇಲಿದ್ದ ಕಲ್ಲು ಒಂದೇ ಸಲಕ್ಕೆ ಇಳಿಯಿತು. ನಗು ಬಂತು, ಆದರೆ ಅಳು ನಿಲ್ಲಲಿಲ್ಲ. ಮಾಷ್ಟ್ರು ಹುಂಜದ ತಲೆಗೆ ನೀರು ಹಾಕಿ, ಸಾತ್ವಿಕಾಳ ಹೆಸರು ಹೇಳಿ ಪ್ರಾರ್ಥಿಸಿ, ಅದನ್ನು ಕೆಳಗೆ ಬಿಟ್ಟರು. ಅದು ಮೈ ಕೊಡವಿಕೊಂಡು, ನನ್ನ ಕಡೆ ತಿರುಗಿಯೂ ನೋಡದೆ ಹಲಸಿನ ಮರದತ್ತ ಹೋಯಿತು. ಉಪಕಾರ ಸ್ಮರಣೆ ಇಲ್ಲದ ಪ್ರಾಣಿ!

“ಮೊದಲೇ ನನ್ನನ್ನು ಒಂದು ಮಾತು ಕೇಳಬಹುದಿತ್ತು” ಎಂದರು ಮಾಷ್ಟ್ರು, ಪ್ರಸಾದ ಕೊಡುವಾಗ.

“ಕೇಳಿದ್ದರೆ ಏನು ಹೇಳ್ತಿದ್ದಿರಿ?”

ಅವರು ಮುಂಡಾಸು ಸರಿಮಾಡಿಕೊಂಡರು. “ಬೇಡ ಅಂತಲೇ ಹೇಳ್ತಿದ್ದೆ. ಯಾವ ದೈವ ಅಂತ ಕೇಳ್ಲಿಕ್ಕೆ ನನಗೂ ಹೊಳೀತಿರ್ಲಿಲ್ಲ.”

ಮರುದಿನ ಎಬ್ಬಿಸಲು ಹುಂಜ ಇರಲಿಲ್ಲ. ಬಿಸಿಲು ಬಂದ ಮೇಲೆ ಎಚ್ಚರವಾಗಿ ಅಡುಗೆಮನೆಯ ಕಿಟಕಿ ತೆರೆದರೆ, ಬೇಲಿಯಾಚೆ ಹಳೆಯ ಬಾವಿಯ ಬದಿಯಲ್ಲಿ ಮಾಷ್ಟ್ರು ಪಂಚೆ ಎತ್ತಿ ಕಟ್ಟಿಕೊಂಡು ನಿಂತಿದ್ದರು.

“ಇಲ್ಲಿ ಇನ್ನೂ ಖಾಲಿ ಉಂಟಲ್ಲ ಕಾಂತಿಯಕ್ಕ. ಬಲೆಯನ್ನು ಈ ಕಡೆಗೆ ಸರಿಸುವ. ಹೀರೆಗೆ ಚಪ್ಪರ ಹಾಕುವ.”

ಇವರು ಇನ್ನು ಈ ಬೇಲಿಯ ಹತ್ತಿರ ಬರಲಾರರು ಎಂಬ ಹೆದರಿಕೆಯಲ್ಲೇ ನಾನು ಇಷ್ಟು ದಿನ ಊಟ ಬಿಟ್ಟದ್ದೆಂದು ನನಗೆ ಆಗ ತಿಳಿಯಿತು. ಎಂಟು ಸೆಂಟ್ಸಿನ ಮಾತು ಆಮೇಲಿನದು. “ಬಂದೆ ಮಾಷ್ಟ್ರೇ, ಒಂದು ನಿಮಿಷ!” ಎಂದು ಕೂಗಿ, ತಲೆ ಕೂಡ ಬಾಚದೆ ಬಲೆ ಬಿಚ್ಚಲು ಓಡಿದೆ.