ಟೈಲರಮ್ಮ ಹೇಳದ ಆರಂಕಿ

ಬ್ಯಾಂಕಿನ ಮುಖ್ಯ ಕಚೇರಿಯಲ್ಲಿ ಗ್ರಾಹಕರ ಸುರಕ್ಷತೆಯ ವಿಭಾಗಕ್ಕೆ ಒಬ್ಬ ಅಧಿಕಾರಿ ಇದ್ದರು. ಜೊತೆಯವರು ಬೆನ್ನ ಹಿಂದೆ ಅವರನ್ನು ಬೀಗದ ಸಾಹೇಬರು ಎನ್ನುತ್ತಿದ್ದರು. ಮೇಜಿನ ಡ್ರಾಯರಿಗೆ ಬೀಗ, ಬೀರುವಿಗೆ ಬೀಗ, ಊಟದ ಚೀಲದ ಜಿಪ್ಪಿಗೂ ಒಂದು ಪುಟಾಣಿ ಬೀಗ. ಓಟಿಪಿಯ ಜೊತೆ ಗ್ರಾಹಕರ ಫೋನಿಗೆ ಹೋಗುವ ಎಚ್ಚರಿಕೆಯ ಮಾತನ್ನು ಬರೆದವರು ಅವರೇ: "ಈ ಆರು ಅಂಕಿಗಳನ್ನು ಯಾರಿಗೂ ಹೇಳಬೇಡಿ. ಬ್ಯಾಂಕಿನವರೇ ಕೇಳಿದರೂ ಹೇಳಬೇಡಿ." ಮೊದಲು ಒಂದೇ ವಾಕ್ಯವಿತ್ತು. ಎರಡನೆಯದನ್ನು ಸೇರಿಸಲು ಅವರು ಮೂರು ಸಭೆಗಳಲ್ಲಿ ವಾದಿಸಿ ಗೆದ್ದಿದ್ದರು. ಗೆದ್ದ ದಿನ ಮನೆಗೆ ಬಂದು ಹೆಂಡತಿಗೆ ಓದಿ ಹೇಳಿದರೆ, ಬಟ್ಟೆ ಹಿಂಡುತ್ತಿದ್ದ ಆಕೆ, "ಚೆನ್ನಾಗಿದೆ ರೀ. ಆ ಬಕೆಟ್ ಸ್ವಲ್ಪ ಈ ಕಡೆ ತಳ್ಳಿ" ಎಂದಿದ್ದರು.

ಬ್ಯಾಂಕಿನ ವ್ಯವಹಾರಕ್ಕೆ ಬೇರೆಯದೇ ಒಂದು ನಂಬರ್ ಇಟ್ಟುಕೊಳ್ಳಿ, ಅದನ್ನು ನೆಂಟರಿಗೂ ಕೊಡಬೇಡಿ ಎಂಬುದು ಅವರು ಗ್ರಾಹಕರಿಗಾಗಿ ಬರೆದ ಕಿರುಪುಸ್ತಕದ ನಾಲ್ಕನೆಯ ಸಲಹೆ. ತಾವೂ ಹಾಗೇ ಮಾಡಿದ್ದರು. ಆ ನಂಬರಿನ ಸಿಮ್ ಒಂದು ಹಳೆಯ ಫೋನಿನಲ್ಲಿ, ಆ ಫೋನು ಬೀರುವಿನಲ್ಲಿ, ಬೀರುವಿನ ಕೀಲಿ ಅವರ ಜೇಬಿನಲ್ಲಿ. ಇಷ್ಟೆಲ್ಲ ಭದ್ರ ಮಾಡಿದವರು ಅದಕ್ಕೆ ರೀಚಾರ್ಜ್ ಮಾಡಿಸುವುದನ್ನು ಮಾತ್ರ ಮರೆತರು. ಫೋನ್ ಕಂಪನಿ ಕೆಲವು ತಿಂಗಳು ಕಾಯ್ದು, ನಂಬರನ್ನು ಕಿತ್ತುಕೊಂಡು ಬೇರೆ ಯಾರಿಗೋ ಕೊಟ್ಟಿತು. ಮೆಸೇಜು ಬರುವುದು ನಿಂತದ್ದನ್ನು ಸಾಹೇಬರು ಗಮನಿಸದೆ ಇರಲಿಲ್ಲ. ಎಲ್ಲವೂ ಸುರಕ್ಷಿತವಾಗಿದೆ, ಅದಕ್ಕೇ ಸದ್ದಿಲ್ಲ ಎಂದುಕೊಂಡಿದ್ದರು.

ಒಂದು ಭಾನುವಾರ ಬೆಳಿಗ್ಗೆ ಗಂಡ ಹೆಂಡತಿ ಕೂತು ಆನ್‌ಲೈನಿನಲ್ಲಿ ವಾಷಿಂಗ್ ಮಷೀನ್ ಆರಿಸಿದರು. ಬ್ಯಾಂಕು ಓಟಿಪಿ ಕಳಿಸಿರುವುದಾಗಿ ಹೇಳಿತು. ಸಾಹೇಬರು ಬೀರು ತೆಗೆದು ನೋಡಿದರೆ ಹಳೆಯ ಫೋನು ಹೆಣದ ಹಾಗೆ ತಣ್ಣಗಿತ್ತು. ಚಾರ್ಜಿಗೆ ಹಾಕಿದರೆ ಜೀವ ಬಂತು, ಸಿಗ್ನಲ್ ಬರಲಿಲ್ಲ. ತಮ್ಮ ದಿನಬಳಕೆಯ ಫೋನಿನಿಂದ ಆ ನಂಬರಿಗೆ ಕರೆ ಮಾಡಿದರು. ಅತ್ತ ಕಡೆ ಹೊಲಿಗೆ ಯಂತ್ರದ ಟಕಟಕ ಕೇಳಿ, ಆಮೇಲೆ ಹೆಂಗಸೊಬ್ಬಳ ದನಿ ಬಂತು.

"ಹಲೋ, ಯಾರು?"

"ಅಮ್ಮಾ, ನೋಡಿ, ನೀವು ಇಟ್ಕೊಂಡಿರೋ ನಂಬರು ಮೊದಲು ನಂದು. ಈಗ ಒಂದು ಓಟಿಪಿ ಬಂದಿರಬೇಕಲ್ಲ?"

"ಬಂದಿದೆ."

"ಅಬ್ಬಾ! ಸ್ವಲ್ಪ ಹೇಳ್ತೀರಾ?"

"ಯಾಕೆ ಹೇಳ್ಬೇಕು? ಯಾರಿಗೂ ಹೇಳಬೇಡಿ ಅಂತ ಇದರಲ್ಲೇ ಬರೆದಿದೆ."

"ಅಮ್ಮಾ, ನಾನು ಬ್ಯಾಂಕಿನವನೇ."

"ಬ್ಯಾಂಕಿನವರೇ ಕೇಳಿದರೂ ಹೇಳಬೇಡಿ ಅಂತಾನೂ ಬರೆದಿದೆ."

"ಅದನ್ನ ಬರೆದವನೇ ನಾನು!"

ಯಂತ್ರದ ಟಕಟಕ ನಿಂತಿತು. "ಬರೆದೋರಿಗೆ ಅಷ್ಟೂ ನೆನಪಿಲ್ವಾ? ನಾಚಿಕೆ ಆಗಲ್ವೇನ್ರೀ, ಬೆಳಬೆಳಿಗ್ಗೆ ಈ ಕೆಲಸ ಮಾಡೋಕೆ!" ಫೋನು ಕಟ್ಟಾಯಿತು.

ಸಾಹೇಬರ ಸಾಲನ್ನು ಇಷ್ಟು ನಿಷ್ಠೆಯಿಂದ ಪಾಲಿಸಿದ ಗ್ರಾಹಕರು ಇಡೀ ಬ್ಯಾಂಕಿನಲ್ಲಿ ಒಬ್ಬರೂ ಇರಲಿಲ್ಲ. ಈಕೆಯೋ, ಗ್ರಾಹಕಳೇ ಅಲ್ಲ. ಅವರಿಗೆ ಒಂದು ಕ್ಷಣ ಹೆಮ್ಮೆಯಾಯಿತು. ಅಷ್ಟರಲ್ಲಿ ಹೆಂಡತಿ, "ಊರಿಗೆಲ್ಲ ಬುದ್ಧಿ ಹೇಳೋರ ಮನೆಯಲ್ಲಿ ಬಟ್ಟೆ ನೆನೆದು ನಾರ್ತಾ ಇದೆ" ಎಂದದ್ದರಿಂದ ಆ ಹೆಮ್ಮೆ ಹೆಚ್ಚು ಹೊತ್ತು ಉಳಿಯಲಿಲ್ಲ.

ಮರುದಿನ ತಮ್ಮದೇ ಬ್ಯಾಂಕಿನ ಶಾಖೆಗೆ ಹೋದರು. ಕೌಂಟರಿನ ಗುಮಾಸ್ತೆ ಎದ್ದು ನಿಂತು ಅರ್ಜಿ ತೆಗೆದಳು.

"ನಂಬರ್ ಬದಲಾಯಿಸೋಕೆ ಹಳೆ ನಂಬರಿಗೆ ಬರೋ ಓಟಿಪಿ ಬೇಕು ಸಾರ್."

"ಹಳೆ ನಂಬರು ಇಲ್ಲ ಅಂತಲೇ ತಾನೇ ಬದಲಾಯಿಸ್ತಿರೋದು?"

"ಎಲ್ಲರೂ ಇದನ್ನೇ ಕೇಳ್ತಾರೆ ಸಾರ್. ಇಲ್ಲದಿದ್ರೆ ವಿಶೇಷ ಅರ್ಜಿ ಇದೆ. ಅದಕ್ಕೆ ಸುರಕ್ಷತೆಯ ಅಧಿಕಾರಿಗಳ ಸಹಿ ಬೇಕು."

"ಅದು ನಾನೇ ಅಲ್ವೇನಮ್ಮಾ?"

"ಹೌದು ಸಾರ್. ಆದರೆ ತಮ್ಮ ಅರ್ಜಿಗೆ ತಾವೇ ಸಹಿ ಹಾಕೋ ಹಾಗಿಲ್ಲ. ಹೋದ ವರ್ಷ ತಾವೇ ಸುತ್ತೋಲೆ ಕಳಿಸಿದ್ರಿ." ಆಕೆ ಗೋಡೆಗೆ ಅಂಟಿಸಿದ್ದ ಕಾಗದ ತೋರಿಸಿದಳು. ಸಾಹೇಬರ ಬದಲಿಗೆ ಸಹಿ ಹಾಕಬೇಕಾದವರು ಹೆರಿಗೆ ರಜೆಯಲ್ಲಿದ್ದರು. ಸುತ್ತೋಲೆಯ ಕೆಳಗಿದ್ದ ತಮ್ಮ ದುಂಡನೆಯ ಸಹಿಯನ್ನು ಸಾಹೇಬರು ಯಾರೋ ಹಗೆಯವನ ಸಹಿ ನೋಡಿದ ಹಾಗೆ ನೋಡಿ ಹೊರಬಂದರು.

ಸಂಜೆ ಮತ್ತೆ ಆ ನಂಬರಿಗೆ ಕರೆ ಮಾಡಿ, ಓಟಿಪಿಯ ಸುದ್ದಿ ಎತ್ತದೆ, ಪ್ಯಾಂಟು ಸರಿಮಾಡಿಸಬೇಕು ಎಂದು ಸುಳ್ಳು ಹೇಳಿ ಅಂಗಡಿಯ ವಿಳಾಸ ಕೇಳಿದರು. ಟೈಲರಮ್ಮ ಕೂಡಲೇ ಹೇಳಿದಳು. ವಂಚಕರು ಇದೇ ಉಪಾಯ ಬಳಸುತ್ತಾರೆಂದು ಕಿರುಪುಸ್ತಕದ ಹನ್ನೊಂದನೆಯ ಪುಟದಲ್ಲಿದೆ.

ಚಪ್ಪಲಿ ಅಂಗಡಿಗೂ ಜೆರಾಕ್ಸ್ ಅಂಗಡಿಗೂ ನಡುವೆ, ಎರಡು ಯಂತ್ರ ಹಿಡಿಸುವಷ್ಟು ಜಾಗ. ಒಂದು ಮೂಲೆಗೆ ಪರದೆ ಕಟ್ಟಿದರೆ ಅದೇ ಬಟ್ಟೆ ಹಾಕಿ ನೋಡುವ ಕೋಣೆ. ಕೊರಳಿಗೆ ಟೇಪು ಹಾಕಿಕೊಂಡು ಕುಳಿತಿದ್ದ ಐವತ್ತರ ಹೆಂಗಸು ತಲೆ ಎತ್ತಿದಳು. ಸಾಹೇಬರು ಮೂರು ಗುರುತಿನ ಚೀಟಿಗಳನ್ನು ಕತ್ತರಿಸುವ ಮೇಜಿನ ಮೇಲೆ ಸಾಲಾಗಿ ಇಟ್ಟು, ನಿನ್ನೆಯ ಓಟಿಪಿ ಕೇಳಿದವನು ನಾನೇ ಎಂದು ಒಪ್ಪಿಕೊಂಡರು.

ಆಕೆ ಚೀಟಿಗಳನ್ನು ನೋಡಿದಳು, ಅವರನ್ನು ನೋಡಿದಳು. "ಮುಖ ಏನೋ ಅದೇ. ಆದರೆ ನನ್ನ ಫೋನಿಗೆ ಬರೋ ಮೆಸೇಜಿನ ಮನುಷ್ಯ ನೀವಲ್ಲ."

"ಯಾಕಮ್ಮಾ?"

"ಆ ಮನುಷ್ಯ ತಿಂಗಳು ತಿಂಗಳೂ ಜಿಮ್ಮಿಗೆ ದುಡ್ಡು ಕಟ್ತಾರೆ. ನಾನು ಮೂವತ್ತು ವರ್ಷದಿಂದ ಸೊಂಟ ಅಳೀತಾ ಇದೀನಿ. ಇದು ಜಿಮ್ಮಿಗೆ ಹೋಗೋ ಸೊಂಟ ಅಲ್ಲ."

ಸಾಹೇಬರ ಕಿವಿ ಕೆಂಪಾಯಿತು. "ದುಡ್ಡು ಕಟ್ತೀನಿ. ಹೋಗಲ್ಲ."

"ಒಂದು ದಿನವೂ?"

"ಮೊದಲನೇ ದಿನ ಹೋಗಿದ್ದೆ. ಮೆಟ್ಟಿಲು ಹತ್ತೋಕೇ ಸುಸ್ತಾಯ್ತು. ಮನೇಲಿ ಹೇಳಿಲ್ಲ. ಆ ಹೊತ್ತಲ್ಲಿ ಪಾರ್ಕಿನ ಬೆಂಚ್ ಮೇಲೆ ಕೂತ್ಕೊಳ್ತೀನಿ."

ಟೈಲರಮ್ಮ ಟೇಪನ್ನು ಕೊರಳಿನಿಂದ ತೆಗೆದು ಮೇಜಿನ ಮೇಲಿಟ್ಟಳು. ಮೂರು ಗುರುತಿನ ಚೀಟಿಗಳು ಮಾಡಲಾರದ್ದನ್ನು ಈ ಒಂದು ಮಾತು ಮಾಡಿತು. "ಇಂಥದ್ದನ್ನ ಕಳ್ಳ ಹೇಳಲ್ಲ ಬಿಡಿ. ಕೂತ್ಕೊಳ್ಳಿ. ಆದರೂ ಓಟಿಪಿ ಹೇಳೋಕಾಗಲ್ಲ. ನನ್ನ ಬಾಯಿಂದ ಬರಲ್ಲ ಅದು."

"ಹಾಗಾದ್ರೆ ತೋರಿಸಿ."

"ತೋರಿಸಿದ್ರೂ ಹೇಳಿದ ಹಾಗೇ. ಒಂದು ಕೆಲಸ ಮಾಡೋಣ. ನಿಮ್ಮ ಫೋನ್ ಕೊಡಿ, ನಾನೇ ಒತ್ತುತೀನಿ. ನೀವು ನೋಡಕೂಡದು. ಆ ಪರದೆ ಹಿಂದೆ ಹೋಗಿ ನಿಂತ್ಕೊಳ್ಳಿ."

ಸಾಹೇಬರು ಬ್ಯಾಂಕಿನ ಆ್ಯಪಿನಲ್ಲಿ ನಂಬರ್ ಬದಲಾಯಿಸುವ ಪುಟ ತೆರೆದು ಫೋನು ಕೊಟ್ಟರು. ಹೀಗೆ, ಸ್ವಂತ ಖಾತೆಯ ಗುಟ್ಟು ತಮ್ಮ ಕಣ್ಣಿಗೆ ಬೀಳಬಾರದೆಂದು ಸುರಕ್ಷತೆಯ ಅಧಿಕಾರಿ ಪರದೆಯ ಹಿಂದೆ, ಯಾರದೋ ಅರ್ಧ ಹೊಲಿದ ಕೋಟಿನ ಪಕ್ಕ, ಕನ್ನಡಿಯಲ್ಲಿ ತಮ್ಮ ಹೊಟ್ಟೆಯನ್ನು ನೋಡುತ್ತ ನಿಂತರು. ಮೊದಲ ಸಲ ಆಕೆ ಕನ್ನಡಕ ಹುಡುಕುವಷ್ಟರಲ್ಲಿ ಮೂರು ನಿಮಿಷ ಕಳೆದು ಓಟಿಪಿ ಸತ್ತಿತು. ಎರಡನೇ ಸಲ ಗಿರಾಕಿಯೊಬ್ಬರು ಬಂದು ಗುಂಡಿ ಬಿದ್ದಿದೆ ಎಂದು ಜಗಳ ತೆಗೆದರು. ಮೂರನೇ ಸಲ ಟೈಲರಮ್ಮ, "ಆಯ್ತು, ಬನ್ನಿ ಹೊರಗೆ" ಎಂದಳು. ನಂಬರ್ ಬದಲಾಗಿತ್ತು. ಸಾಹೇಬರು ಹಣ ಕೊಡಲು ಹೋದರೆ ಆಕೆ ಗದರಿದಳು: "ದುಡ್ಡು ತಗೊಂಡ್ರೆ ನಾನೂ ಆ ಓಟಿಪಿ ಕಳ್ಳರಲ್ಲಿ ಒಬ್ಬಳಾಗ್ತೀನಿ."

ಮಾರನೆಯ ದಿನ ವಾಷಿಂಗ್ ಮಷೀನಿಗೆ ಹಣ ಕಟ್ಟುವ ಮೊದಲೇ ಬ್ಯಾಂಕಿನಿಂದ ಕರೆ ಬಂತು. ಹುಡುಗಿಯೊಬ್ಬಳು ಬರೆದಿಟ್ಟ ಪ್ರಶ್ನೆಗಳನ್ನು ಓದುತ್ತಿದ್ದಳು. ಪ್ರಶ್ನೆಗಳೂ ಸಾಹೇಬರವೇ. "ನಂಬರ್ ಬದಲಿಸುವಾಗ ಓಟಿಪಿಯನ್ನು ಬೇರೆ ಯಾರಾದರೂ ನೋಡಿದರೇ ಅಥವಾ ಬಳಸಿದರೇ?"

ಕರೆ ರೆಕಾರ್ಡ್ ಆಗುತ್ತದೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? "ಹೌದು," ಎಂದರು. "ಒಬ್ಬರು ಟೈಲರ್ ನೋಡಿದ್ರು. ನಾನು ನೋಡಲಿಲ್ಲ."

ಖಾತೆಗೆ ಬೀಗ ಬಿತ್ತು. ಅದನ್ನು ತೆಗೆಯಬೇಕಾದರೆ ಬ್ಯಾಂಕು ನಡೆಸುವ ಶನಿವಾರದ ಜಾಗೃತಿ ತರಗತಿಗೆ ಹಾಜರಾಗಲೇಬೇಕಿತ್ತು. ವಾಷಿಂಗ್ ಮಷೀನನ್ನು ಹೆಂಡತಿ ತಮ್ಮನಿಗೆ ಹೇಳಿ ತರಿಸಿಕೊಂಡರು. ಖಾಲಿಯಾದ ಬಕೆಟನ್ನು ಗಂಡನ ಬೀರುವಿನ ಮುಂದೆ ತಂದಿಟ್ಟರು. ಅದೇ ಸಾಹೇಬರಿಗೆ ಹೆಚ್ಚು ಚುಚ್ಚಿತು.

ಶನಿವಾರ ಸಾಹೇಬರು ಕೊನೆಯ ಸಾಲಿನಲ್ಲಿ, ಮೋಸಹೋದ ಇಪ್ಪತ್ತು ಮಂದಿಯ ನಡುವೆ ಕುಳಿತರು. ಅವರ ಕೈಕೆಳಗಿನ ಕಿರಿಯ ಅಧಿಕಾರಿ ವೇದಿಕೆಯ ಮೇಲೆ ನಿಂತು ಅವರದೇ ಕಿರುಪುಸ್ತಕವನ್ನು, ಅವರ ಕಡೆ ಕಣ್ಣು ಹಾಯಿಸದಂತೆ ಬಹಳ ಎಚ್ಚರವಹಿಸಿ, ಓದುತ್ತಿದ್ದ. ಪಕ್ಕದಲ್ಲಿದ್ದ ನಿವೃತ್ತ ಪೋಸ್ಟ್‌ಮಾಸ್ಟರು ಬಗ್ಗಿ ಪಿಸುಗುಟ್ಟಿದರು.

"ನಾನು ಕರೆಂಟ್ ಬಿಲ್ ಅಂತ ಫೋನ್ ಮಾಡಿದವನಿಗೆ ಹೇಳ್ಬಿಟ್ಟೆ. ನೀವು ಯಾರಿಗೆ ಹೇಳಿದ್ರಿ?"

"ನಾನು ಯಾರಿಗೂ ಹೇಳಲಿಲ್ಲ," ಎಂದರು ಸಾಹೇಬರು. "ನನಗೇ ಯಾರೂ ಹೇಳಲಿಲ್ಲ."

ಪೋಸ್ಟ್‌ಮಾಸ್ಟರು ಅನುಕಂಪದಿಂದ ತಲೆಯಾಡಿಸಿ, ಜೇಬಿನಿಂದ ಬಿಸ್ಕತ್ತಿನ ಪೊಟ್ಟಣ ತೆಗೆದು ಮುಂದೆ ಹಿಡಿದರು. "ಮೊದಮೊದಲು ಎಲ್ಲರೂ ಹಾಗೇ ಅಂತಾರೆ. ತಗೊಳ್ಳಿ."