ಮುಯ್ಯಾಳಿಗೆ ಮಾರಿದ ತಲೆಎಣ್ಣೆ

ಕೈಯಲ್ಲಿ ಸ್ವಂತದ್ದೆಂದು ನಾಲ್ಕು ಕಾಸಿಲ್ಲದ ಹೆಂಗಸಿನ ಕಷ್ಟ ಯಾವ ಊರಿನಲ್ಲಿಲ್ಲ ಹೇಳಿ? ಗದ್ದೆಯಲ್ಲಿ ಸೊಂಟ ಬಗ್ಗಿಸುವವಳು ಅವಳು, ಭತ್ತ ಮಾರಿದ ದುಡ್ಡು ಗಂಡನ ಜೇಬಿಗೆ. ಒಂದು ಸೂಜಿ ಬೇಕಾದರೂ ಬಾಯಿ ಬಿಟ್ಟು ಕೇಳಬೇಕು. ಕೇಳಿದರೆ, "ಹೋದ ಸಂತೆಯಲ್ಲಿ ತಂದ ಸೂಜಿ ಏನಾಯಿತು?" ಎಂಬ ವಿಚಾರಣೆ ಬೇರೆ.

ಮೂರ್ನಾಡಿನಿಂದ ಒಂದು ಗುಡ್ಡ ಹತ್ತಿ ಇಳಿದರೆ ಸಿಗುವ ಸಣ್ಣ ಊರಿನ ಬೊಳ್ಳಮ್ಮನಿಗೂ ಇದೇ ಕಷ್ಟ. ಕೊಡಗು ಆಗ ತನ್ನದೇ ಒಂದು ಪುಟ್ಟ ರಾಜ್ಯ, ಮಂತ್ರಿಗಳು ಮಡಿಕೇರಿಯಲ್ಲೇ ಕೂತು ಆಳುತ್ತಿದ್ದ ಕಾಲ. ಬೊಳ್ಳಮ್ಮನ ಗಂಡ ಬೋಜಪ್ಪ ಕೆಟ್ಟವನಲ್ಲ, ಕೈ ಮಾತ್ರ ಸ್ವಲ್ಪ ಬಿಗಿ. ಅವಳಿಗೊಂದು ಆಸೆಯಿತ್ತು. ಹೊಲಿಗೆ ಮಿಷಿನ್ ತೆಗೆದುಕೊಳ್ಳಬೇಕು, ನಾಲ್ಕು ಮನೆಯ ರವಿಕೆ ಹೊಲಿದು ಗಂಡನ ಮುಂದೆ ಕೈಚಾಚುವುದನ್ನು ಬಿಡಬೇಕು. ಇದರಲ್ಲಿ ತಪ್ಪೇನೂ ಇಲ್ಲ. ಆಸೆ ಒಳ್ಳೆಯದೇ ಆಗಿತ್ತು, ಹಿಡಿದ ದಾರಿಯ ಬಗ್ಗೆಯೇ ಈ ಕಥೆ.

ಆ ಊರಿನ ಗೌಡರ ಮನೆಗಳಲ್ಲಿ ನಾಟಿಗೆ ಕೂಲಿ ಕೊಟ್ಟು ಆಳು ಕರೆಯುತ್ತಿರಲಿಲ್ಲ. ಇವತ್ತು ನಾನು ನಿಮ್ಮ ಗದ್ದೆಗೆ, ನಾಳೆ ನೀವು ನಮ್ಮ ಗದ್ದೆಗೆ. ಅದಕ್ಕೆ ಮುಯ್ಯಾಳು ಎಂದು ಹೆಸರು. ಅಲ್ಲಿ ದುಡ್ಡಿನ ಮಾತಿಲ್ಲ. ಹೊಟ್ಟೆ ತುಂಬ ಊಟ, ಬಾಯಿ ತುಂಬ ಮಾತು, ಅಷ್ಟೇ. ಒಂದು ನಿಯಮ ಮಾತ್ರ ಎಲ್ಲರಿಗೂ ಗೊತ್ತಿತ್ತು: ಮುಯ್ಯಿಯವರು ಬಂದು ಕರೆದರೆ ಇಲ್ಲ ಎನ್ನಬಾರದು. ಮೈಗೆ ಹುಷಾರಿಲ್ಲದಿದ್ದರೆ ತಂಗಿಯನ್ನಾದರೂ ಕಳಿಸಬೇಕು.

ಆ ವರ್ಷ ಕಾಫಿ ಕೊಯ್ಲು ಮುಗಿದು ಜನ ಸ್ವಲ್ಪ ಉಸಿರು ಬಿಡುವ ಹೊತ್ತಿಗೆ ಘಟ್ಟದ ಕೆಳಗಿನಿಂದಲೋ ಮೈಸೂರಿನಿಂದಲೋ ಒಬ್ಬ ಏಜೆಂಟ್ ಬಂದ. ಬಿಳಿ ಪ್ಯಾಂಟು, ಕೈಯಲ್ಲಿ ತಗಡಿನ ಪೆಟ್ಟಿಗೆ, ಬಾಯಲ್ಲಿ ಸಕ್ಕರೆ. ಅವನು ತಂದ ತಲೆಎಣ್ಣೆಗೆ ಹೆಸರೇನೋ ಉದ್ದವಿತ್ತು. ಊರಿನವರ ಬಾಯಲ್ಲಿ ಅದು ಹಸಿರೆಣ್ಣೆ ಎಂದಾಯಿತು.

ಬೊಳ್ಳಮ್ಮನ ಜಗಲಿಯಲ್ಲಿ ಕೂತು ಬೆಲ್ಲದ ಕಾಫಿ ಕುಡಿಯುತ್ತ ಅವನು ಹೇಳಿದ: "ಅಂಗಡಿ ಬೇಡ, ತಕ್ಕಡಿ ಬೇಡ ಅಕ್ಕ. ಪರಿಚಯವೇ ನಿಮ್ಮ ಬಂಡವಾಳ. ಒಂದು ಪೆಟ್ಟಿಗೆ ಸೀಸೆ ತಗೊಂಡು ನೀವು ಏಜೆಂಟ್ ಆಗಿ, ದುಡ್ಡು ಆಮೇಲೆ ಕೊಟ್ಟರೂ ಸಾಕು. ನಿಮ್ಮ ಕೆಳಗೆ ಐದು ಜನರನ್ನು ಏಜೆಂಟ್ ಮಾಡಿ. ಆ ಐದು ಜನ ತಲಾ ಐದು ಜನರನ್ನು ಸೇರಿಸಿದ ದಿನ ನಿಮ್ಮ ಮನೆಗೆ ಹೊಲಿಗೆ ಮಿಷಿನ್ ಬರುತ್ತೆ."

"ನಂಗೆ ವ್ಯಾಪಾರ ಗೊತ್ತಿಲ್ಲೆ. ಯಾರ ಹತ್ರ ಹೋಗಲಿ?"

"ನಿಮ್ಮ ಮಾತಿಗೆ ಇಲ್ಲ ಅನ್ನದವರು ಯಾರು ಅಂತ ಯೋಚನೆ ಮಾಡಿ ಅಕ್ಕ. ಅವರಿಂದಲೇ ಶುರು ಮಾಡಿ."

ಇಲ್ಲ ಅನ್ನದವರು! ಬೊಳ್ಳಮ್ಮ ಯೋಚಿಸಬೇಕಾಗಿಯೇ ಬರಲಿಲ್ಲ. ಮುಯ್ಯಾಳಿನ ಹೆಂಗಸರ ಮುಖಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಅಯ್ಯೋ, ಆ ಗಳಿಗೆಯಲ್ಲಿ ಯಾರಾದರೂ ಅವಳ ಸೆರಗು ಹಿಡಿದು ಜಗ್ಗಿದ್ದರೆ ಎಷ್ಟು ಚೆನ್ನಾಗಿತ್ತು.

ಜಗ್ಗಿದವನೊಬ್ಬನಿದ್ದ, ನಿಜ. ಬೋಜಪ್ಪ ರಾತ್ರಿ ಊಟಕ್ಕೆ ಕೂತಾಗ ಪೆಟ್ಟಿಗೆ ನೋಡಿ ಹುಬ್ಬೇರಿಸಿದ. ಉಂಟು ಎನ್ನುವುದಕ್ಕೆ ಉಟ್ಟು ಎನ್ನುವ ಆ ಕಡೆಯ ಮಾತಿನಲ್ಲೇ ಕೇಳಿದ:

"ಅಲ್ಲ ಮಾರಾಯ್ತಿ, ಐದು ಜನ, ಅವರ ಕೆಳಗೆ ಐದೈದು ಜನ, ಮತ್ತೆ ಅವರ ಕೆಳಗೆ. ನಮ್ಮ ಊರಲ್ಲಿ ಅಷ್ಟು ತಲೆ ಉಟ್ಟಾ? ಎಲ್ಲರೂ ಮಾರುವವರೇ ಆದರೆ ಹಚ್ಚಿಕೊಳ್ಳೋದು ಯಾರು, ಎಮ್ಮೆಯಾ?"

"ನಿಮ್ಮ ಬೋಳುತಲೆಗೆ ಎಣ್ಣೆ ಬೆಲೆ ಎಂಥ ಗೊತ್ತುಟ್ಟು? ಸುಮ್ಮನೆ ಉಣ್ಣಿ," ಎಂದಳು ಬೊಳ್ಳಮ್ಮ. ಅವನು ಸುಮ್ಮನೆ ಉಂಡ. ಬೋಜಪ್ಪನ ಸ್ವಭಾವವೇ ಹಾಗೆ, ಸರಿಯಾದ ಮಾತನ್ನು ಒಂದೇ ಸಲ ಹೇಳಿ ಬಿಟ್ಟುಬಿಡುತ್ತಿದ್ದ.

ಮರುದಿನ ಬೊಳ್ಳಮ್ಮ ಮೊದಲು ಹೋದದ್ದು ಯಮುನಳ ಮನೆಗೆ. ಗದ್ದೆಯ ಬದುವಿನ ಆಚೆಗೇ ಯಮುನಳ ಮನೆ. ಅವಳ ಗಂಡ ಸಿದ್ದಾಪುರದ ಕಡೆ ಎಸ್ಟೇಟಿನಲ್ಲಿ ಕೆಲಸಕ್ಕಿದ್ದು ಹಬ್ಬಕ್ಕೊಮ್ಮೆ ಬಂದರೆ ಬಂದ. ಒಂದು ತುಂಡು ಗದ್ದೆ, ಕೊಟ್ಟಿಗೆಯ ಪಕ್ಕ ಹತ್ತಾರು ಕೋಳಿ, ಅದರಲ್ಲೇ ಅವಳ ಸಂಸಾರ. ಮದುವೆಯಾಗಿ ಬಂದಾಗಿನಿಂದ ಇಬ್ಬರೂ ಒಂದೇ ಸಾಲಿನಲ್ಲಿ ನಿಂತು ನೆಟ್ಟವರು. ಒಬ್ಬಳ ಮನೆಯಲ್ಲಿ ಉಪ್ಪು ಮುಗಿದರೆ ಇನ್ನೊಬ್ಬಳಿಗೆ ಹೇಳದೆಯೇ ಗೊತ್ತಾಗುತ್ತಿತ್ತು.

"ನಂಗೆ ಈ ಎಣ್ಣೆ ಎಂಥಕ್ಕೆ ಅಕ್ಕ? ಮನೆಲಿ ಕೊಬ್ಬರಿ ಎಣ್ಣೆ ಉಟ್ಟಲ್ಲ."

"ನಂಗೋಸ್ಕರ ಒಂದು ಪೆಟ್ಟಿಗೆ ತಕೊ ಯಮುನ. ಮಾರಿದರೆ ನಿಂಗೂ ಲಾಭವೇ."

ಯಮುನ ಕೋಳಿಗಳ ಕಡೆ ನೋಡಿದಳು. "ನೀ ಮನೆ ಬಾಗಿಲಿಗೆ ಬಂದು ಕೇಳಿದ ಮೇಲೆ ಇಲ್ಲ ಹೇಳಿಕೆ ಆಗ್ತದಾ?" ಎಂದಳು.

ಬೊಳ್ಳಮ್ಮನಿಗೆ ಅದು ಪ್ರೀತಿಯ ಮಾತಾಗಿ ಕೇಳಿಸಿತು. ಅದರಲ್ಲಿ ಪ್ರೀತಿಯೂ ಇತ್ತು. ಆದರೆ ಯಮುನ ಎಣ್ಣೆ ಕೊಂಡಿರಲಿಲ್ಲ, ಮುಯ್ಯಿಯ ಕರೆಗೆ ಓಗೊಟ್ಟಿದ್ದಳು. ಮುಂದಿನ ಸಂತೆಗೆ ಅವಳ ಕೋಳಿಗಳೆಲ್ಲ ಬುಟ್ಟಿ ಸೇರಿ ಮೂರ್ನಾಡಿಗೆ ಹೋದವು. ಕೊಟ್ಟಿಗೆಯ ಪಕ್ಕ ಕೂಗು ನಿಂತದ್ದು ಬೊಳ್ಳಮ್ಮನ ಕಿವಿಗೆ ಬಿತ್ತು. ಕಿವಿಗೆ ಬಿದ್ದರೂ ಮನಸ್ಸಿಗೆ ಇಳಿಯಲಿಲ್ಲ, ಏಕೆಂದರೆ ಅವಳ ಮನಸ್ಸಿನಲ್ಲಿ ಆಗ ಮಿಷಿನ್ ಓಡುತ್ತಿತ್ತು.

ಉಳಿದ ನಾಲ್ವರೂ ಹಾಗೆಯೇ ತೆಗೆದುಕೊಂಡರು, ಒಬ್ಬರ ಬಾಯಲ್ಲೂ ಇಲ್ಲ ಎಂಬುದು ಬರಲಿಲ್ಲ. ಬೊಳ್ಳಮ್ಮ ಹಿಗ್ಗಿಹೋದಳು. "ನೋಡಿದ್ರಾ ನನ್ನ ವ್ಯಾಪಾರ?" ಎಂದು ಗಂಡನನ್ನು ಕೆಣಕಿದಳು.

ಈಗ ಆ ಐವರೂ ತಮ್ಮ ಪೆಟ್ಟಿಗೆ ಖಾಲಿ ಮಾಡಬೇಕಲ್ಲ? ಅವರು ಪಕ್ಕದ ಕೇರಿಗೆ ಹೋದರು. ಅಲ್ಲಿಯವರು ಇಲ್ಲಿಗೇ ಬಂದರು. ಊರಿನ ಜಡೆಗಳೆಲ್ಲ ಹಸಿರೆಣ್ಣೆಯ ವಾಸನೆ ಹೊಡೆಯತೊಡಗಿದವು. ಯಮುನ ಯಾರ ಮನೆಗೆ ಹೋದರೂ ಅವಳಿಗಿಂತ ಮುಂಚೆ ಪೆಟ್ಟಿಗೆ ಅಲ್ಲಿ ಹೋಗಿ ಕೂತಿರುತ್ತಿತ್ತು. ಬೋಜಪ್ಪ ಹೇಳಿದ ಎಮ್ಮೆಯೊಂದು ಬಾಕಿ.

ಮಳೆ ಹಿಡಿಯಿತು, ನಾಟಿಯ ಕಾಲ ಬಂತು. ಬೊಳ್ಳಮ್ಮ ಹಾಕಿಕೊಟ್ಟ ದಾರಿಯಲ್ಲೇ ಹೆಂಗಸರೆಲ್ಲ ನಡೆದರು. ಮುಯ್ಯಿಗೆ ಕರೆಯಲು ಹೋದರೆ, "ಬರ್ತೇನೆ, ಅದಕ್ಕೆಂಥ. ಎರಡು ಸೀಸೆ ತಕೊಳ್ಳಿ ಮತ್ತೆ," ಎನ್ನುವವರು. ಗದ್ದೆಯಲ್ಲಿ ಪಕ್ಕದಲ್ಲಿ ನಿಂತು ನೆಡುತ್ತ, "ನನ್ನ ಸೀಸೆ ನೀ ತಕೊಳ್ಳಲೇ ಇಲ್ಲ," ಎಂದು ಚುಚ್ಚುವವರು. ಕರೆದರೆ ಎಣ್ಣೆ ಕೊಳ್ಳಬೇಕಲ್ಲ ಎಂದು ಒಬ್ಬೊಬ್ಬರೇ ಕರೆಯುವುದನ್ನು ಬಿಟ್ಟರು. ಕರೆಯದವರ ಮನೆಗೆ ಹೋಗುವುದು ಹೇಗೆ? ಇಷ್ಟು ವರ್ಷ ಯಾರೂ ಕಟ್ಟದೆ ತಾನಾಗಿ ನಿಂತಿದ್ದ ಮುಯ್ಯಿ ಒಂದೇ ಮಳೆಗಾಲಕ್ಕೆ ಸಡಿಲವಾಯಿತು.

ಬೊಳ್ಳಮ್ಮನ ಅಗೆ, ಅಂದರೆ ನಾಟಿಗೆ ಬೆಳೆಸಿದ ಭತ್ತದ ಸಸಿ, ಬಲಿಯುತ್ತ ಬಂತು. ಅಗೆ ಬಲಿತ ಮೇಲೆ ನೆಟ್ಟರೆ ಬುಡದಲ್ಲಿ ಹೊಸ ತೆಂಡೆ ಒಡೆಯುವುದಿಲ್ಲ, ವರ್ಷದ ಅನ್ನಕ್ಕೇ ಕಲ್ಲು. ಅವಳು ಮಳೆ ತಡೆಯಲು ಗೊರಬು ಹೊದ್ದು ಮನೆಮನೆಗೆ ಕರೆಯಲು ಹೊರಟಳು. ಒಬ್ಬಳಿಗೆ ಸೊಂಟನೋವು. ಇನ್ನೊಬ್ಬಳಿಗೆ ತವರಿನಲ್ಲಿ ಕೆಲಸ. ತಂಗಿಯನ್ನು ಕಳಿಸುತ್ತೇನೆ ಎಂದು ಯಾರೂ ಹೇಳಲಿಲ್ಲ. ಕೊನೆಗೆ ಯಮುನಳ ಅಂಗಳಕ್ಕೆ ಬಂದಳು. ಅವಳು ಬಂದೇ ಬರುತ್ತಾಳೆ ಎಂಬ ಧೈರ್ಯ.

ಯಮುನ ಹೊಸಿಲಿನ ಒಳಗೇ ನಿಂತಿದ್ದಳು. ಒಳಗೆ ಬಾ ಎನ್ನಲಿಲ್ಲ.

"ನಾಡಿದ್ದು ನಾಟಿ ಉಟ್ಟು ಯಮುನ. ಹೋದ ವರ್ಷ ನಿನ್ನ ಗದ್ದೆಗೆ ನಾನು ಒಂದು ದಿನ ಹೆಚ್ಚು ಬಂದಿದ್ದೆನಲ್ಲ, ಆ ಮುಯ್ಯಿ..."

"ಆ ಮುಯ್ಯಿ ತೀರಿತಲ್ಲ ಅಕ್ಕ," ಎಂದಳು ಯಮುನ. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. "ಎಣ್ಣೆ ತಕೊಂಡೆನಲ್ಲ. ಅದೇ ನನ್ನ ಮುಯ್ಯಿ."

ಯಮುನ ಜಗಳವಾಡಿದ್ದರೆ ಮರುಮಾತು ಹೇಳಬಹುದಿತ್ತು. ಲೆಕ್ಕ ಚುಕ್ತಾ ಎಂದವಳಿಗೆ ಏನು ಹೇಳುವುದು? ಬೊಳ್ಳಮ್ಮ ಮನೆಗೆ ಬಂದು ಒಲೆಯ ಮುಂದೆ ಕೂತು ಅತ್ತಳು. ಬೋಜಪ್ಪ "ನಾ ಹೇಳಿರಲಿಲ್ಲವಾ" ಎಂಬ ಮಾತನ್ನು ಬಾಯಿಂದ ಹೊರಗೆ ಬಿಡಲಿಲ್ಲ. ಆ ಒಂದು ಉಪಕಾರವನ್ನು ಅವಳು ಕೊನೆಯವರೆಗೂ ನೆನೆಯುತ್ತಿದ್ದಳು.

ಏಜೆಂಟ್ ಮಳೆ ಶುರುವಾದ ಮೇಲೆ ಈ ಕಡೆ ತಲೆ ಹಾಕಿರಲಿಲ್ಲ. ಸೀಸೆ ಮೂರ್ನಾಡಿನಲ್ಲಾದರೂ ಹೋದೀತೇನೋ ಎಂದು ಬೊಳ್ಳಮ್ಮ ಸುಲೋಚನಮ್ಮನ ಅಂಗಡಿಗೆ ಹೋದಳು. ಗಂಡ ತೀರಿದ ಮೇಲೆ ಬಟ್ಟೆ ಅಂಗಡಿಯನ್ನು ಒಬ್ಬಳೇ ನಡೆಸಿದ ಗಟ್ಟಿಗಿತ್ತಿ ಸುಲೋಚನಮ್ಮ. ನಾಲಿಗೆ ಸ್ವಲ್ಪ ಖಾರ, ಆದರೆ ಮೋಸದ ಮೊಳ ಅಳೆದವಳಲ್ಲ.

ಎಲ್ಲ ಕೇಳಿ ಅವಳೆಂದಳು: "ನಿನ್ನ ಎಣ್ಣೆ ಯಾರಿಗೆ ಬೇಕಿತ್ತು ಬೊಳ್ಳಮ್ಮ? ನಿನ್ನ ಮುಖ ನೋಡಿ ಕೊಂಡರು. ಮುಖ ಒಂದೇ ಸಲ ಮಾರ್ತದೆ. ಎರಡನೇ ಸಲಕ್ಕೆ ಜನ ದಾರಿ ಬದಲಿಸ್ತಾರೆ."

"ಹಾಗಾದರೆ ಪರಿಚಯದವರಿಗೆ ಮಾರಲೇಬಾರದಾ?"

"ಮಾರಬೇಕು, ಯಾಕೆ ಬಾರದು? ನನ್ನ ಗಿರಾಕಿಗಳೆಲ್ಲ ಪರಿಚಯದವರೇ. ಆದರೆ ನನ್ನ ಸೀರೆ ಬೇಡ ಅಂತ ಮಡಿಚಿಟ್ಟು ಹೋದವಳು ನಾಳೆ ಮತ್ತೆ ನಗ್ತಾ ಬರ್ತಾಳೆ. ಬೇಡ ಅನ್ನೋದಕ್ಕೆ ಹೆದರಿಕೆ ಇಲ್ಲದ ಕಡೆ ಮಾತ್ರ ವ್ಯಾಪಾರ ಬೆಳೆಯೋದು. ಇನ್ನೊಂದು ಕೇಳು. ಆ ಎಣ್ಣೆ ನೀ ಮೊದಲು ನಿನ್ನ ತಲೆಗೆ ಹಚ್ಚಿ ನೋಡಿದ್ಯಾ?"

ಬೊಳ್ಳಮ್ಮ ಹಚ್ಚಿ ನೋಡಿರಲಿಲ್ಲ. ಸೀಸೆ ಬಿಚ್ಚಿದರೆ ಮಾರುವುದಕ್ಕೆ ಒಂದು ಕಮ್ಮಿಯಾದೀತು ಎಂದು ಮುಚ್ಚಿಟ್ಟಿದ್ದಳು.

"ಮಾರದೆ ಉಳಿದರೆ ವಾಪಸ್ ತಗೊಳ್ತೀರಾ ಅಂತ ಅವನನ್ನ ಕೇಳಿದ್ಯಾ? ಕೇಳಲಿಲ್ಲ. ಲಾಭ ಎಣ್ಣೆಯಿಂದ ಬರ್ತದಾ, ಜನ ಸೇರಿಸೋದರಿಂದ ಬರ್ತದಾ? ಅದನ್ನೂ ಕೇಳಲಿಲ್ಲ. ಮನೇಲಿ ಹುಳಿಹಣ್ಣಿನ ರಸ ಬತ್ತಿಸಿ ಕಾಚಂಪುಳಿ ಕಾಯಿಸ್ತೀಯಲ್ಲ, ನಿನ್ನ ಕೈಯ ಹುಳಿ ನಂಗೆ ಗೊತ್ತು. ಅದನ್ನ ತಂದು ಇಲ್ಲಿಡು. ಗುರುತಿಲ್ಲದವರು ಒಂದು ಸಲ ಕೊಂಡು ಮತ್ತೆ ಹುಡುಕಿಕೊಂಡು ಬಂದರೆ ಅದು ವ್ಯಾಪಾರ."

ಆ ರಾತ್ರಿ ಗಂಡಹೆಂಡತಿ ಕೂತು ಮಾತಾಡಿದರು. ಬೋಜಪ್ಪ ತನ್ನ ಬಿಗಿ ಕೈಯನ್ನು ಮೊದಲ ಸಲ ಸಡಿಲಿಸಿದ. "ಭತ್ತ ಸ್ವಲ್ಪ ಮಾರುವ. ಎಲ್ಲರ ಸೀಸೆ ವಾಪಸ್ ತಕೊ," ಎಂದ. ಆಮೇಲೆ ತಡೆದು ತಡೆದು, "ಕಾಸಿಗೆ ನನ್ನ ಮುಖ ನೋಡುವ ಹಾಗೆ ಮಾಡಿದ್ದು ನಾನೇ ಅಲ್ಲವಾ? ಇನ್ನು ಮೇಲೆ ಕಾಳುಮೆಣಸು ಮಾರಿದ ದುಡ್ಡು ನಿನ್ನ ಕೈಯಲ್ಲೇ ಇರಲಿ," ಎಂದ. ಬೊಳ್ಳಮ್ಮ ಮನೆಮನೆಗೆ ಹೋಗಿ ಸೀಸೆ ಹಿಂದಕ್ಕೆ ಪಡೆದು ದುಡ್ಡು ಕೊಟ್ಟಳು. ಕೆಲವರು ನಕ್ಕು ಮಾತಾಡಿಸಿದರು. ಯಮುನ ದುಡ್ಡು ತೆಗೆದುಕೊಂಡು, "ಆಯ್ತು," ಎಂದಳು.

ಬೊಳ್ಳಮ್ಮನ ಗದ್ದೆಗೆ ಬೋಜಪ್ಪ ಎಸ್ಟೇಟಿನ ಲೈನ್ ಮನೆಗಳಿಂದ ಕೂಲಿಯಾಳು ಕರೆತಂದ. ಅರ್ಧ ನೆಟ್ಟಾಯಿತು, ಅರ್ಧ ಬೀಳು ಬಿತ್ತು. ಯಮುನ ಮಾತ್ರ ತನ್ನ ತುಂಡು ಗದ್ದೆಯಲ್ಲಿ ಒಬ್ಬಳೇ ಬಗ್ಗಿ ನೆಡುತ್ತಿದ್ದುದು ಬದುವಿನ ಈಚೆಯಿಂದ ಕಾಣುತ್ತಿತ್ತು. ನೋಡಿ ನೋಡಿ ಬೊಳ್ಳಮ್ಮನಿಗೆ ತಡೆಯಲಾಗಲಿಲ್ಲ. ಕರೆಯದೆ ಯಾರೂ ಯಾರ ಗದ್ದೆಗೂ ಇಳಿಯುವ ಪದ್ಧತಿಯಿಲ್ಲ. ಆದರೂ ಇಳಿದಳು. ಅಗೆಯ ಕಟ್ಟು ಬಿಚ್ಚಿ ಯಮುನಳ ಪಕ್ಕದ ಸಾಲು ಹಿಡಿದಳು. ಯಮುನ ತಲೆಯೆತ್ತಿ ನೋಡಿದಳು, ಬೇಡ ಎನ್ನಲಿಲ್ಲ. ದಿನವಿಡೀ ಇಬ್ಬರೂ ನೆಟ್ಟರು. ಮಧ್ಯಾಹ್ನ ಯಮುನ ಗಂಜಿ ಬಡಿಸಿದಳು, ಉಪ್ಪಿನಕಾಯಿ ಹಾಕಿದಳು. ಬೊಳ್ಳಮ್ಮನ ಎದೆ ಹಗುರವಾಯಿತು. ಎಲ್ಲ ಸರಿಯಾಯಿತು ಎಂದುಕೊಂಡಳು.

ಸಂಜೆ ಕೈಕಾಲು ತೊಳೆದು ಹೊರಟಾಗ ಯಮುನ ಒಳಗೆ ಹೋಗಿ ಬಂದು, ಬೊಳ್ಳಮ್ಮನ ಒದ್ದೆ ಅಂಗೈಯಲ್ಲಿ ಏನನ್ನೋ ಇಟ್ಟು ಬೆರಳು ಮಡಿಚಿದಳು. ಬಿಡಿಸಿ ನೋಡಿದರೆ ಒಂದು ದಿನದ ಕೂಲಿ.

"ಇದೆಂಥ ಯಮುನ?"

"ಇರಲಿ ಅಕ್ಕ. ಹೀಗೇ ಒಳ್ಳೇದು."

ಅಕ್ಕಂದಿರೇ, ತಂಗಿಯರೇ, ಬೊಳ್ಳಮ್ಮ ಆಮೇಲೆ ಕಾಚಂಪುಳಿ ಮಾರಿ ಸ್ವಂತ ದುಡಿಮೆಯಿಂದಲೇ ಮಿಷಿನ್ ತಂದಳು. ವ್ಯಾಪಾರ ಮಾಡಬೇಡಿ ಎಂದು ಈ ಕಥೆ ಹೇಳುವುದಿಲ್ಲ, ಖಂಡಿತ ಮಾಡಿ. ಇಂದು ಎಣ್ಣೆಯ ಬದಲು ಪುಡಿಯೋ ಮಾತ್ರೆಯೋ ಬರಬಹುದು, ಪೆಟ್ಟಿಗೆಯ ಬದಲು ಫೋನಿನಲ್ಲಿ ಕರೆ ಬರಬಹುದು, ನೆಟ್‌ವರ್ಕ್ ಮಾರ್ಕೆಟಿಂಗ್ ಎಂಬ ಹೊಸ ಹೆಸರಿರಬಹುದು. ಸೇರುವ ಮುಂಚೆ ಸಾಮಾನನ್ನು ನೀವೇ ಬಳಸಿ ನೋಡಿ. ಉಳಿದದ್ದನ್ನು ವಾಪಸ್ ತೆಗೆದುಕೊಳ್ಳುತ್ತಾರೆಯೇ ಎಂದು ಕೇಳಿ, ಬರೆದು ಕೊಡಲು ಹೇಳಿ. ಸಾಮಾನು ಮಾರಿದ್ದಕ್ಕಲ್ಲ, ಜನರನ್ನು ಸೇರಿಸಿದ್ದಕ್ಕೆ ದುಡ್ಡು ಎಂದರೆ ಅಲ್ಲಿಂದಲೇ ಎದ್ದುಬನ್ನಿ, ಅದು ಕಾನೂನಿಗೂ ವಿರುದ್ಧ. ಹೋದ ದುಡ್ಡನ್ನು ಮತ್ತೆ ದುಡಿಯಬಹುದು. ನಾಳೆ ಯಾರಾದರೂ ನಿಮ್ಮ ಜಗಲಿಯಲ್ಲಿ ಕೂತು ಸಿಹಿ ಮಾತಾಡಿದರೆ ಕಾಫಿ ಕೊಟ್ಟು ಕಳಿಸಿ, ಗೆಳತಿಯ ಮನೆಯ ದಾರಿ ಮಾತ್ರ ತೋರಿಸಬೇಡಿ.