ಅಡ್ಡಾಡುವ ಕೆಲಸ

ಅಡ್ಡಣ್ಣನ ಹೆಣ ಪ್ರಯೋಗಾಲಯದ ಮುಂದಿನ ರಸ್ತೆಯಲ್ಲಿ ಹೋಗಕೂಡದು ಎಂದು ಪ್ರೊಫೆಸರ್ ಬೆಳಿಗ್ಗೆಯೇ ಹೇಳಿ ಕಳಿಸಿದರು. ಹೇಳಲು ಬಂದ ಸಂಶೋಧಕಿ ಹೊಸ್ತಿಲಾಚೆ ನಿಂತೇ ಇದ್ದಳು. ಒಳಗೆ ಮಗಳು ಅಪ್ಪನ ಗಲ್ಲಕ್ಕೆ ಸೋಪಿನ ನೊರೆ ಹಚ್ಚಿ ರೇಜರ್ ಎಳೆಯುತ್ತಿದ್ದಳು.

"ತಲೆ ಸ್ವಲ್ಪ ಆ ಕಡೆ ತಿರುಗ್ಸು ಚಿಕ್ಕಪ್ಪ."

ಚಿಕ್ಕಪ್ಪ ಅಣ್ಣನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿದ. "ಹೇಳಿದ ಕಡೆ ತಿರುಗ್ತಾನೇ ಜನ್ಮ ಕಳೆದ ನಮ್ಮಣ್ಣ. ಈಗ್ಲೂ ಬಿಡಲ್ವಲ್ಲಮ್ಮ ನೀನು," ಎಂದ. ನಗಿಸಲು ಹೇಳಿದ ಮಾತು. ಹೇಳಿ, ಅಣ್ಣನ ಕಿವಿಯ ಹಿಂದಿನ ನೊರೆ ಒರೆಸಿದ.

ಮಗಳು ಸಿಟಿ ಬಸ್ಸಿನ ಡ್ರೈವರ್. ರೇಜರ್ ಒಂದೇ ಸಮ ಎಳೆದಳು.

"ಒಳಗೆ ಬನ್ನಿ ಮೇಡಂ," ಎಂದಳು ಅಡ್ಡಣ್ಣನ ಹೆಂಡತಿ.

"ಪರವಾಗಿಲ್ಲಮ್ಮ." ಸಂಶೋಧಕಿ ಬಾಗಿಲ ಚೌಕಟ್ಟಿಗೆ ಮಾತಾಡುತ್ತಿರುವಂತೆ ಮಾತಾಡಿದಳು. "ಇವತ್ತು ಗೇಟಿನ ಮುಂದೆ ಪ್ರದರ್ಶನ ಇದೆ. ಹೊರಗಿಂದ ದೊಡ್ಡೋರು ಬಂದಿದಾರೆ. ರಸ್ತೆಯ ಈ ಕಡೆಯಿಂದ ಆ ಕಡೆಗೆ ಸಿಗ್ನಲ್ ಹೋಗ್ತಾ ಇರುತ್ತೆ. ಜನ ಗುಂಪಾಗಿ ಬಂದ್ರೆ ಮಂಕಾಗಿಬಿಡುತ್ತೆ. ಅದಕ್ಕೇ ಹಿಂದಿನ ರಸ್ತೆಯಿಂದ..."

"ಹಿಂದಿನ ರಸ್ತೇನಾ? ಚರಂಡಿ ಅಗೆದು ಬಾಯಿ ತೆರೆದು ಬಿಟ್ಟಿದಾರಲ್ಲ, ಅದಾ?" ಮಗಳು ರೇಜರ್ ಒರೆಸಿದಳು. "ನನ್ನ ಬಸ್ಸನ್ನೇ ಅಲ್ಲಿ ಇಳಿಸಲ್ಲ ನಾನು. ಹೆಗಲ ಮೇಲೆ ಹೆಣ ಹೊತ್ತೋರು ಇಳೀಬೇಕಾ?"

"ನಾನು ಹೇಳ್ತಿರೋದಲ್ಲ. ಸರ್ ಹೇಳಿದ್ದು."

"ನಿಮ್ಮ ಸರ್‌ಗೆ ಕಾಲಿಲ್ವಾ, ಬಂದು ಹೇಳೋಕೆ?"

"ಸುಮ್ನಿರೇ," ಎಂದಳು ತಾಯಿ. "ಹಿಂದಿನ ರಸ್ತೇಲೇ ಹೋಗ್ತೀವಿ ಅಂತ ಹೇಳಿ ಮೇಡಂ. ಅವರ ಅನ್ನ ಉಂಡಿದೀವಿ. ಕೊನೇ ದಿನ ಅವರ ಕೆಲಸ ಕೆಡಿಸಿದ್ವಿ ಅನ್ನೋ ಮಾತು ಬೇಡ."

"ಅಪ್ಪ ನಡೆದೂ ನಡೆದೂ ಉಂಡಿದ್ದಮ್ಮ ಅದು. ಬೇಡಿ ಉಂಡಿದ್ದಲ್ಲ." ಮಗಳು ಎದ್ದು ನಿಂತಳು. "ಕ್ಯಾಂಟೀನಿನೋರಿಗೆ, ಕಸ ಗುಡಿಸೋರಿಗೆ ಒಬ್ಬರಿಗೂ ಇವತ್ತು ರಜ ಇಲ್ಲವಂತೆ. ಗೇಟಿನ ಹತ್ರ ಬಂದು ನಿಂತಿರ್ತೀವಿ, ಒಂದು ಗಳಿಗೆ ಇಳಿಸಿ ಮುಖ ತೋರಿಸಿ ಅಂತ ಹೇಳಿ ಕಳಿಸಿದಾರೆ. ಅಷ್ಟು ವರ್ಷ ಜೊತೇಲಿದ್ದೋರು. ನಾವು ಹಿತ್ತಲ ದಾರಿ ಹಿಡಿದ್ರೆ ಅವರು ಏನು, ಗೇಟಿನ ಮುಖ ನೋಡ್ಕೊಂಡು ಅಳಬೇಕಾ?"

ಸಂಶೋಧಕಿ ಹೋಗಬಹುದಿತ್ತು. ಹೋಗಲಿಲ್ಲ.

*

ಅಡ್ಡಣ್ಣ ಎನ್ನುವುದು ಅಡ್ಡಹೆಸರು. ಅಡ್ಡ ಬರುವುದೇ ಅವನ ಕೆಲಸವಾಗಿತ್ತು.

ಉದ್ದನೆಯ ಕೋಣೆ. ಆ ತುದಿಯಲ್ಲಿ ಸಿಗ್ನಲ್ ಕಳಿಸುವ ಆಂಟೆನಾ, ಈ ತುದಿಯಲ್ಲಿ ಹಿಡಿಯುವ ಆಂಟೆನಾ. ಸಿಗ್ನಲ್ ನೇರವಾಗಿಯೂ ಬರುತ್ತದೆ. ಗೋಡೆಗೆ, ಚಾವಣಿಗೆ, ಕಬ್ಬಿಣದ ಬೀರುವಿಗೆ ಬಡಿದು ಸುತ್ತಿಕೊಂಡೂ ಬರುತ್ತದೆ. ಬಂದವೆಲ್ಲ ಒಂದಕ್ಕೊಂದು ಹೊಂದಿದರೆ ಜೋರು, ಒಂದನ್ನೊಂದು ಹೊಡೆದು ಹಾಕಿದರೆ ಮಂಕು. ನಡುವೆ ಮನುಷ್ಯನೊಬ್ಬ ಹಾದುಹೋದರೆ ಸಿಗ್ನಲ್ ಎಷ್ಟು ಆಳಕ್ಕೆ ಬೀಳುತ್ತದೆ, ಎಷ್ಟು ಹೊತ್ತು ಬಿದ್ದಿರುತ್ತದೆ, ಬಿದ್ದಾಗ ಮಾತಿನ ಎಷ್ಟು ಚೂರು ಕಳೆದುಹೋಗುತ್ತದೆ ಎಂದು ಲೆಕ್ಕ ಹಾಕುವುದು ಪ್ರೊಫೆಸರರ ಕೆಲಸ. ಆ ಮನುಷ್ಯನಾಗುವುದು ಅಡ್ಡಣ್ಣನ ಕೆಲಸ. ಗೋಡೆಯಿಂದ ಗೋಡೆಗೆ ಒಂದೇ ವೇಗದಲ್ಲಿ ನಡೆಯಬೇಕು. ಮಾತಾಡಬಾರದು, ತುರಿಸಿಕೊಳ್ಳಬಾರದು, ಕೈ ಜಾಸ್ತಿ ಬೀಸಬಾರದು. ತಿರುಗುವ ಮುಂಚೆ ಒಂದು ಉಸಿರಿನಷ್ಟು ನಿಲ್ಲಬೇಕು.

"ಊರಲ್ಲೆಲ್ಲ ಅಡ್ಡ ಬಂದೋರಿಗೆ ಬೈಗುಳ. ನನಗೆ ಮಾತ್ರ ಸಂಬಳ," ಎಂದು ಕ್ಯಾಂಟೀನಿನಲ್ಲಿ ನಗಿಸುತ್ತಿದ್ದ. "ಸುಮ್ನೆ ಅಡ್ಡಾಡ್ತೀನಿ. ಅಲ್ಲಿ ಗೆರೆ ಬೀಳುತ್ತೆ. ಅವರು ಖುಷಿಪಡ್ತಾರೆ."

ಸಂಶೋಧಕಿ ಹೊಸದಾಗಿ ಸೇರಿದ್ದಾಗ ಒಂದು ಮಧ್ಯಾಹ್ನ ಪರದೆಯ ಮೇಲಿನ ಗೆರೆ ಕಾರಣವಿಲ್ಲದೆ ನಡುಗಿತು.

"ಅಡ್ಡಣ್ಣ, ಸೀನಿದ್ರಾ?"

"ಹಿಡ್ಕೊಂಡೆ ಮೇಡಂ. ಮೂಗು ಕೇಳ್ಲಿಲ್ಲ."

"ನೋಡಿ ಬನ್ನಿ, ನಿಮ್ಮ ಸೀನು ಇಲ್ಲಿ ಕಾಣ್ತಿದೆ."

ಅವನು ಬಂದು ಪರದೆಗೆ ಮುಖ ಹತ್ತಿರ ತಂದು ನೋಡಿದ. ತಗ್ಗಿನ ಅಂಚಿನಲ್ಲಿ ಪುಟ್ಟದೊಂದು ಕೊಕ್ಕೆ. "ಇದು ನಾನಾ?"

"ಹೂಂ. ತಗ್ಗೆಲ್ಲ ನೀವು. ಈ ಕೊಕ್ಕೆ ಸೀನು."

"ಪಕ್ಕದ ತಗ್ಗೂ ನಾನೇನಾ?" ಎಂದು ಮತ್ತೊಮ್ಮೆ ಕೇಳಿದ. ಮುಖ ಅರಳಿತ್ತು. "ಎಲ್ಲಾ ಒಂದೇ ಥರ ಇವೆ. ಸೀನಿದ್ದೇ ವಾಸಿ, ಗುರುತು ಸಿಗುತ್ತೆ."

ಕೆಟ್ಟ ಅಳತೆಯೆಂದು ಅವಳು ಅದನ್ನು ಅಳಿಸಿಹಾಕಿದಳು. ಮೊದಲಿನಿಂದ ನಡೆಸಿದಳು.

ಅವಳ ಪ್ರಬಂಧ ಅಚ್ಚಾಗಿ ಬಂದಾಗ ಅಡ್ಡಣ್ಣ ತಿರುವಿ ಹಾಕಿ, "ನಾನೆಲ್ಲಿದೀನಿ ಇದರಲ್ಲಿ?" ಎಂದ. ಅವಳು ಬೆರಳಿಟ್ಟು ತೋರಿಸಿದಳು: ಚಲಿಸುವ ತಡೆ.

"ತಡೆ ಅಂದ್ರೂ ಅಡ್ಡ ಅಂತಾನೇ ತಾನೇ? ಸರಿಯಾಗೇ ಬರ್ದಿದೀರಿ ಬಿಡಿ," ಎಂದ. ಅವಳಿಗೆ ಸಮಾಧಾನವಾಯಿತು. ಅವನಿಗಾಯಿತೇ ಎಂದು ಅವಳು ಕೇಳಲಿಲ್ಲ.

ಮನುಷ್ಯನೆಂದರೆ ಬೆವರುತ್ತಾನೆ, ದಣಿಯುತ್ತಾನೆ, ಮುದುಕನಾಗುತ್ತಾನೆ. ಅಳತೆ ಒಂದೇ ಸಮ ಬರುವುದಿಲ್ಲ. ಹಾಗಾಗಿ ಗೊಂಬೆ ತರಿಸಿದರು. ಆಳೆತ್ತರದ ಪ್ಲಾಸ್ಟಿಕ್ ಗೊಂಬೆ. ಮನುಷ್ಯನ ಮೈಯಂತೆ ಸಿಗ್ನಲ್ ನುಂಗಲು ಒಳಗೆ ಉಪ್ಪುನೀರು. ಕಾಲಿನ ಬದಲು ಚಕ್ರ, ಚಕ್ರಕ್ಕೆ ಹಳಿ. ಬಕೆಟ್ಟಿನಲ್ಲಿ ನೀರು ಹೊತ್ತು ತಂದವನು ಅಡ್ಡಣ್ಣ. ಉಪ್ಪು ಕದಡಿ, ಗೊಂಬೆಯ ನೆತ್ತಿಯ ಮುಚ್ಚಳ ತೆಗೆದು ಸುರಿದವನೂ ಅವನೇ.

"ಉಪ್ಪು ಸಾಕಾ ಸರ್?"

"ಸಾಕು," ಎಂದರು ಪ್ರೊಫೆಸರ್. "ನಾಳೆಯಿಂದ ನೀನು ಬರೋದು ಬೇಡ."

ಆಮೇಲೆ ಅವನು ಮನೆಯ ಕುರ್ಚಿಯಲ್ಲಿ ಕೂತ. ಕಾಲು ಊದಿತು. ಎದೆಯಲ್ಲಿ ನೀರು ತುಂಬಿದೆ ಎಂದರು ಡಾಕ್ಟರು.

*

ಮರದ ಪೆಟ್ಟಿಗೆ ಹೆಗಲೇರಿತು. ಮುಂದೆ ಮಗಳು ಮತ್ತು ಚಿಕ್ಕಪ್ಪ, ಹಿಂದೆ ಡಿಪೋದಿಂದ ಬಂದಿದ್ದ ಇಬ್ಬರು ಡ್ರೈವರುಗಳು. ಅವರ ಬೆನ್ನಿಗೆ ಬೀದಿಯ ಜನ. ತಾಯಿ ಹೇಳಿದಂತೆ ಹಿಂದಿನ ರಸ್ತೆಗೇ ಹೊರಳಿದರು.

ಅಗೆದ ಮಣ್ಣು ದಾರಿಯ ಮೇಲೆಲ್ಲ ಬಿದ್ದಿತ್ತು. ಚರಂಡಿಗೆ ಹಾಕಿದ್ದ ಹಲಗೆ ಚಿಕ್ಕಪ್ಪನ ಕಾಲಡಿ ಹೊರಳಿತು. ಪೆಟ್ಟಿಗೆ ವಾಲಿತು. ಒಳಗೆ ದೇಹ ಜಾರಿ ಪೆಟ್ಟಿಗೆಯ ಮರಕ್ಕೆ ಬಡಿದ ಸದ್ದು ಎಲ್ಲರಿಗೂ ಕೇಳಿಸಿತು.

ತಾಯಿ ಓಡಿ ಬಂದು ಪೆಟ್ಟಿಗೆಗೆ ಕೈ ಕೊಟ್ಟಳು. "ಪೆಟ್ಟಾಯ್ತಾ?" ಎಂದಳು.

ಯಾರನ್ನು ಕೇಳಿದ್ದೆಂದು ಗೊತ್ತಾಗದೆ ಚಿಕ್ಕಪ್ಪ, "ಇಲ್ಲ ಅತ್ತಿಗೆ," ಎಂದ. ಅವನ ಮೊಣಕಾಲು ತರಚಿತ್ತು.

"ಬೇಡ, ಹಿಂದಕ್ಕೆ ತಿರುಗಿ," ಎಂದಳು ಅವಳು. "ಮುಂದಿನ ರಸ್ತೇಲೇ ಹೋಗೋಣ. ಆದ್ರೆ ಅಲ್ಲಿ ನಿಲ್ಲೋದು ಬೇಡ. ತಲೆ ತಗ್ಗಿಸ್ಕೊಂಡು ದಾಟಿಬಿಡೋಣ."

"ಇಳಿಸಿ ಮುಖ ತೋರ್ಸೋದು?"

"ಬೇಡ ಅಂದ್ನಲ್ಲ."

ಮಗಳು ಹಲ್ಲು ಕಚ್ಚಿದಳು. ಅಪ್ಪ ಹೆಗಲ ಮೇಲಿದ್ದ. ಜಗಳಕ್ಕೆ ಅದು ಹೊತ್ತಲ್ಲ.

ಪಕ್ಕದಲ್ಲಿ ನಡೆಯುತ್ತಿದ್ದ ಸಂಶೋಧಕಿಯ ಫೋನು ಬಡಿದುಕೊಂಡಿತು. "ಸರ್... ಹೌದು ಸರ್, ಮುಂದಿನ ರಸ್ತೆಗೇ ಬರ್ತಿದಾರೆ. ಇಲ್ಲ ಸರ್, ನಿಲ್ಲಲ್ಲ. ಸುಮ್ನೆ ದಾಟಿ ಹೋಗ್ತಾರೆ."

ಪ್ರಯೋಗಾಲಯದ ಗೇಟಿಗೆ ಸರಪಳಿ ಬಿಗಿದಿತ್ತು. ಒಳಗೆ ಕ್ಯಾಂಟೀನಿನ ಅಕ್ಕ ಏಪ್ರನ್ ಕೂಡ ಬಿಚ್ಚದೆ ಕಂಬಿ ಹಿಡಿದು ನಿಂತಿದ್ದಳು. ಅವಳ ಹಿಂದೆ ಪೊರಕೆ ಹಿಡಿದವರು, ಮಾಲಿಗಳು. ಗೇಟಿನ ಹೊರಗೆ, ಬಿಳಿ ಛತ್ರಿಗಳ ಅಡಿಯಲ್ಲಿ ಅತಿಥಿಗಳು ಕೂತಿದ್ದರು. ಅವರೆದುರು ಪರದೆ, ಪರದೆಯ ಮೇಲೆ ಗೆರೆ. ರಸ್ತೆಯ ಈಚೆಗೊಂದು ಆಂಟೆನಾ, ಆಚೆಗೊಂದು. ನಡುವೆ ಹಾಸಿದ ಹಳಿಯ ಮೇಲೆ ನೀಲಿ ಅಂಗಿ ತೊಟ್ಟ ಗೊಂಬೆ ಅತ್ತಿತ್ತ ಓಡಾಡುತ್ತಿತ್ತು. ಅದು ಅಡ್ಡ ಬಂದಾಗ ಗೆರೆ ಬೀಳುತ್ತಿತ್ತು, ಮರುಗಳಿಗೆಯಲ್ಲೇ ಏಳುತ್ತಿತ್ತು. ಎದ್ದಾಗಲೆಲ್ಲ ಅತಿಥಿಗಳು ಚಪ್ಪಾಳೆ ತಟ್ಟುತ್ತಿದ್ದರು.

ಪ್ರೊಫೆಸರ್ ಬೇಗ ಬೇಗ ನಡೆದು ಬಂದು, ಜನ ಹಳಿ ಮುಟ್ಟುವ ಮೊದಲೇ ಎರಡೂ ಕೈ ಚಾಚಿ ತಡೆದರು.

"ತುಂಬಾ ಬೇಜಾರಾಯ್ತಮ್ಮ, ಒಳ್ಳೆ ಮನುಷ್ಯ. ಆದ್ರೆ ಸ್ವಲ್ಪ ಹೊತ್ತು ಇಲ್ಲೇ ಇರಿ. ಒಂದು ಅಡ್ಡ ಬಂದ್ರೆ ಪರವಾಗಿಲ್ಲ, ಸಿಗ್ನಲ್ ಎದುರಿನ ಗೋಡೆಗೆ ಬಡಿದು ಇನ್ನೊಂದು ದಾರಿ ಹಿಡಿಯುತ್ತೆ. ಅದನ್ನೇ ನಾವು ತೋರಿಸ್ತಿರೋದು. ಇಷ್ಟು ಜನ ಒಟ್ಟಿಗೆ ಬಂದ್ರೆ ಎರಡು ದಾರೀನೂ ಮುಚ್ಚುತ್ತೆ."

"ಹೆಣ ಹೊತ್ತು ಎಷ್ಟು ಹೊತ್ತು ನಿಲ್ಲೋದು ಸಾರ್?" ಎಂದ ಚಿಕ್ಕಪ್ಪ. "ಅಣ್ಣ ಸತ್ತ ಮೇಲೂ ಭಾರ ಕಮ್ಮಿ ಆಗಿಲ್ಲ."

"ಗೇಟಿಗ್ಯಾಕೆ ಸರಪಳಿ?" ಎಂದಳು ಮಗಳು.

ತಾಯಿ ಇಬ್ಬರ ಮಾತನ್ನೂ ಕೇಳುತ್ತಿರಲಿಲ್ಲ. ಅವಳು ಗೊಂಬೆಯನ್ನು ನೋಡುತ್ತಿದ್ದಳು. ಅದಕ್ಕೆ ಕಾಲಿರಲಿಲ್ಲ, ಕೈ ಬೀಸುತ್ತಿರಲಿಲ್ಲ, ಮುಖವೆಂದರೆ ಬರೀ ನುಣುಪು. ಆದರೂ ಅದು ಹೊರಡುವ ನಿಧಾನ, ಹಳಿಯ ತುದಿ ಮುಟ್ಟಿ ಒಂದು ಉಸಿರಿನಷ್ಟು ನಿಲ್ಲುವುದು, ಆಮೇಲೆ ತಿರುಗುವುದು...

*

ಮಗಳು ಆಗ ಮಡಿಲ ಕೂಸು. ಜ್ವರ ನೆತ್ತಿಗೇರಿ ಕಣ್ಣುಗುಡ್ಡೆ ಮೇಲಕ್ಕೆ ಹೋಗಿತ್ತು. ತಾಯಿ ಎತ್ತಿಕೊಂಡು ಬಿಸಿಲಲ್ಲಿ ಓಡಿದಳು. ತಿರುಗಿ ನೋಡಿದರೆ ಗಂಡ ಅಷ್ಟು ದೂರದಲ್ಲಿ, ದಿನಾ ನಡೆಯುವ ಹಾಗೇ ನಡೆದು ಬರುತ್ತಿದ್ದ. ಮುಖ ಓಡುತ್ತಿತ್ತು, ಬಾಯಿ ಒಣಗಿತ್ತು. ಕಾಲು ಮಾತ್ರ ಕೇಳುತ್ತಿರಲಿಲ್ಲ.

"ನಿಮ್ಮ ಕಾಲಿಗೇನು ಬಂದಿದೆ ದೊಡ್ಡರೋಗ! ಮಗು ಸಾಯ್ತಿದೆ!"

ಅವನು ಆಸ್ಪತ್ರೆ ತಲುಪುವ ಹೊತ್ತಿಗೆ ಮಗುವಿಗೆ ಸೂಜಿ ಚುಚ್ಚಿಯಾಗಿತ್ತು. ಒಳಗೆ ಬನ್ನಿ ಎಂದು ನರ್ಸ್ ಕರೆದರೆ, "ಬೇಡ ಸಿಸ್ಟರ್, ನಿಮಗೆ ಅಡ್ಡ ಆಗ್ತೀನಿ," ಎಂದು ಬಾಗಿಲಲ್ಲೇ ನಿಂತ.

ಅಂದಿನಿಂದ ಅವಳು ಅವನ ಜೊತೆ ಎಲ್ಲಿಗೂ ಹೋಗುವುದನ್ನು ಬಿಟ್ಟಳು. ಹೋದರೂ ಮುಂದೆ ನಡೆದುಬಿಡುತ್ತಿದ್ದಳು. ಮದುವೆಗೆ ಮೊದಲೇ ಅವನು ಈ ಕೆಲಸಕ್ಕೆ ಸೇರಿದ್ದ; ಅವನ ಬೇರೆ ನಡಿಗೆ ಅವಳು ಕಂಡಿರಲಿಲ್ಲ. ಕಲ್ಲು ಮನಸ್ಸು, ಅದು ಹುಟ್ಟುಗುಣ ಎಂದುಕೊಂಡಳು.

*

"ಮೇಡಂ," ಎಂದಳು ತಾಯಿ. "ಈ ನಡಿಗೆ ಯಾರದು?"

ಸಂಶೋಧಕಿ ಪ್ರೊಫೆಸರರತ್ತ ನೋಡಿದಳು.

"ಅವರನ್ನೇನು ನೋಡ್ತೀರಿ? ನಿಮ್ಮನ್ನ ಕೇಳಿದ್ದು."

"ಅಡ್ಡಣ್ಣಂದೇ ಅಮ್ಮ. ಅವರನ್ನ ನಡೆಸಿ, ಅಳೆದು, ಇದಕ್ಕೆ ಹಾಕಿದ್ದು."

"ಅವರ ಕಾಲು ಹುಟ್ಟಿದಾಗಿಂದ ಹೀಗಿತ್ತಾ?"

"ಇಲ್ಲಮ್ಮ." ಅವಳ ದನಿ ಇಳಿದಿತ್ತು. "ಸೇರಿದಾಗ ಬಿರುಸಾಗಿ ನಡೀತಿದ್ರಂತೆ. ಬೇಗ ಹೋಗಬಾರದು ಅಂತ ತಿದ್ದಿ ತಿದ್ದಿ... ಇಲ್ಲೇ ಕಲಿಸಿದ್ದು."

ತಾಯಿ ಪ್ರೊಫೆಸರರ ಚಾಚಿದ ಕೈಯನ್ನು ಬಾಗಿಲ ಪರದೆ ಸರಿಸುವಂತೆ ಸರಿಸಿ ಮುಂದೆ ನಡೆದಳು. "ಬನ್ರೋ. ಇಲ್ಲಿ ಇಳಿಸಿ."

"ಅಮ್ಮ, ನಿಲ್ಲೋದು ಬೇಡ ಅಂದೆ?" ಎಂದಳು ಮಗಳು.

"ಇಳಿಸು ಅಂತೀನಿ."

ಪೆಟ್ಟಿಗೆ ಹಳಿಯ ಮೇಲೆ ಅಡ್ಡಲಾಗಿ ಕೂತಿತು. ಬೀದಿಯ ಜನ ಸುತ್ತ ನೆರೆದರು. ತುದಿಯಿಂದ ಹೊರಟ ಗೊಂಬೆ ತನ್ನ ಪಾಡಿಗೆ ಬಂದು, ಮರಕ್ಕೆ ಮೆತ್ತಗೆ ತಾಗಿ ನಿಂತಿತು. ಒಳಗಿನ ನೀರು ತುಳುಕಾಡಿತು. ಪರದೆಯ ಮೇಲೆ ಗೆರೆ ಬಿತ್ತು. ಅತಿಥಿಗಳು ಚಪ್ಪಾಳೆಗೆಂದು ಕೈ ಎತ್ತಿ ಕಾದರು. ಅದು ಏಳಲಿಲ್ಲ.

"ಮುಚ್ಚಳ ತೆಗಿಯೇ," ಎಂದಳು ತಾಯಿ.

ಮಗಳು ತೆಗೆದಳು. ಕ್ಯಾಂಟೀನಿನ ಅಕ್ಕ ಕಂಬಿಗಳ ನಡುವೆ ಹಣೆ ಒತ್ತಿದಳು. "ಅಯ್ಯೋ, ಇಲ್ಲಿಂದ ಕಾಣಲ್ವಲ್ಲೇ!" ಎಂದು ಕೂಗಿದಳು.

"ಕಾಣುತ್ತೆ ಇರಕ್ಕ. ಬೀಗ ತೆಗೀತಾರೆ," ಎಂದಳು ತಾಯಿ.

"ಅಮ್ಮ, ದಯವಿಟ್ಟು," ಎಂದರು ಪ್ರೊಫೆಸರ್. ಅವರ ದನಿಯಲ್ಲಿ ಈಗ ಬೇಜಾರಿರಲಿಲ್ಲ. "ನಿಮ್ಮ ದುಃಖ ಅರ್ಥವಾಗುತ್ತೆ. ಇದು ಎಷ್ಟೋ ವರ್ಷದ ಕೆಲಸ. ಪೆಟ್ಟಿಗೆ ಪಕ್ಕಕ್ಕೆ ತಗೊಳ್ಳಿ."

ಅವಳು ಚಪ್ಪಲಿ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಂಡನ ತಲೆಯ ಪಕ್ಕದಲ್ಲಿ ನೆಲಕ್ಕೆ ಕೂತಳು.

"ಏಳಿ ಅಮ್ಮ."

"ಏಳಲ್ಲ," ಎಂದಳು ಅವಳು, ಹಳಿಯ ಮೇಲೆ ಎರಡೂ ಕಾಲು ನೀಡಿಕೊಂಡು.